ಅಠಾರಾ ಕಚೇರಿಯ ಸ್ಯಾಂಕಿ ಸಾಹೇಬರು

ವೈ.ಎನ್.ಹೊಸಕೋಟೆ, ಪಾವಗಡ, ಶಿರಾ, ಮಧುಗಿರಿಗಳ ಕಡೆಯಲ್ಲಿ ಕೆರೆ ಕೋಡಿಬಿದ್ದ ವರ್ಷವೇ ಸುಭಿಕ್ಷದ ವರ್ಷ. ಬಯಲುಸೀಮೆಯ ಈ ಕೆರೆಗಳ ಮಹತ್ತ್ವವನ್ನು ಅರಿತು ತಲೆದೂಗಿದ ಇಂಜಿನಿಯರೇ ಬೆಂಗಳೂರಿನ ಅಠಾರಾ ಕಚೇರಿಯನ್ನೂ ಕಟ್ಟಿಸಿದರೆಂಬುದನ್ನು ಬಲ್ಲವರು ವಿರಳ. ಅವರೇ ರಿಚರ್ಡ್ ಸ್ಯಾಂಕಿ.

1829ರಲ್ಲಿ ಐರ್ಲೆಂಡಿನ ಟಿಪರೆರಿ ಪ್ರಾಂತದಲ್ಲಿ ಜನಿಸಿದ ಸ್ಯಾಂಕಿಯವರು ಆಡಿಸ್ಕೂಂಬಿನ ಸೈನಿಕ ವಿದ್ಯಾಲಯದಲ್ಲಿ ಕಲಿತು, ಮದರಾಸಿನ ಇಂಜಿನಿಯರ್ ದಳವನ್ನು ಸೇರಿದರು. 1857ರ ದಂಗೆಯ ಕಾಲದಲ್ಲಿ ಇಂಗ್ಲಿಷರ ಸೈನ್ಯದೊಡನೆ ದುಡಿದರು. 1861ರಲ್ಲಿ ಮೈಸೂರಿಗೆ ಬಂದು, 1864ರಲ್ಲಿ ಮುಖ್ಯ ಇಂಜಿನಿಯರಾದರು.

ಆಗ ಮೈಸೂರು ಕಮಿಷನರುಗಳ ಆಡಳಿತದಲ್ಲಿತ್ತು. ಬೆಂಗಳೂರು ಕೋಟೆಯೊಳಗಿನ ಟಿಪ್ಪುವಿನ ಅರಮನೆಯೇ ಸರ್ಕಾರದ ಕಚೇರಿ. ಕಾಗದಪತ್ರಗಳು ಬೆಳೆದಂತೆ ಸ್ಥಳ ಸಾಲದಾಯಿತು. 1864ರಲ್ಲಿ ಆರಂಭವಾದ ಹೊಸ ಕಟ್ಟಡ 1868ರಲ್ಲಿ ಪೂರ್ಣಗೊಂಡಿತು. ಕಲ್ಲು, ಇಟ್ಟಿಗೆಗಳ ಎರಡು ಅಂತಸ್ತು, ಕೆಂಪು ಬಣ್ಣ, ಗ್ರೀಕ್ ಶೈಲಿಯ ಅಯೋನಿಕ್ ಕಂಬಗಳ ಸಾಲು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಕೂಡಿದುದರಿಂದ ಜನ ಅದನ್ನು ಅಠಾರಾ ಕಚೇರಿ ಎಂದರು. ಅದರ ಸುತ್ತಣ ಬಯಲನ್ನು ಸ್ಯಾಂಕಿಯವರು 1870ರಲ್ಲಿ ಉದ್ಯಾನವಾಗಿಸಿದರು. ಅದೇ ಕಬ್ಬನ್ ಪಾರ್ಕು.

ಆದರೆ ಅವರ ಮನಸ್ಸು ಕಟ್ಟಡಗಳಲ್ಲಿಯೇ ನಿಂತಿರಲಿಲ್ಲ. ಸಂಸ್ಥಾನದ ಸುಮಾರು ಶೇಕಡಾ 60ರಷ್ಟು ನೆಲವನ್ನು ಇಲ್ಲಿನ ಜನ ತಮ್ಮ ಶ್ರಮದಿಂದಲೇ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದನ್ನು ಅವರು ಲೆಕ್ಕಹಾಕಿ ತೋರಿಸಿದರು. ನೀರಾವರಿಗೆಂದೇ ಒಂದು ಇಲಾಖೆಯನ್ನು ಆರಂಭಿಸಿ, ಒಂದೊಂದು ಕಣಿವೆಯಲ್ಲಿಯೂ ಯಾವ ಕೆರೆಗೆ ಎಷ್ಟು ನೆಲದ ನೀರು ಹರಿದುಬರುವುದೆಂದು ಅಳತೆಮಾಡಿಸಿದರು. ಹಳೆಯದನ್ನು ಕೆಡವುವ ಮುನ್ನ ಅರಿಯಬೇಕೆಂಬುದು ಅವರ ಕೆಲಸದ ರೀತಿಯಾಗಿತ್ತು.

1877ರಲ್ಲಿ ಅವರು ಮೈಸೂರನ್ನು ಬಿಟ್ಟರು. ಮುಂದೆ ಆಫ್ಘನ್ ಯುದ್ಧದಲ್ಲಿ ಭಾಗವಹಿಸಿ, ಮದರಾಸು ಸರ್ಕಾರದಲ್ಲಿಯೂ ಐರ್ಲೆಂಡಿನಲ್ಲಿಯೂ ಸೇವೆ ಸಲ್ಲಿಸಿ, 1908ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಕಾಲ ಕಚೇರಿಯನ್ನೂ ಪರೀಕ್ಷಿಸಿತು. ಎದುರಿಗೆ 1956ರಲ್ಲಿ ವಿಧಾನಸೌಧ ಸಿದ್ಧವಾಗಲು ಸಚಿವಾಲಯ ಅತ್ತ ಸಾಗಿ, ಹಳೆಯ ಕಟ್ಟಡ ಉಚ್ಚ ನ್ಯಾಯಾಲಯದ ನೆಲೆಯಾಗಿ ಉಳಿಯಿತು. 1980ರ ದಶಕದ ಆದಿಯಲ್ಲಿ ಅದನ್ನು ಕೆಡವುವ ಯೋಚನೆ ಎದ್ದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ತನ್ನ ಅಳಿವು ಉಳಿವಿನ ವಾದವನ್ನು ಆ ಕಟ್ಟಡ ತನ್ನ ಗೋಡೆಗಳೊಳಗೇ ಕೇಳಿತು. ಕೊನೆಗೆ ಕೆಡವುವ ಯೋಚನೆ ಬಿಟ್ಟುಹೋಯಿತು.

ಕೆರೆ ಕಟ್ಟಿದ ಎಷ್ಟೋ ಕೈಗಳಿಗೆ ಹೆಸರಿಲ್ಲ. ಆ ಹೆಸರಿಲ್ಲದವರ ಕೆಲಸವನ್ನು ಸ್ಯಾಂಕಿಯವರು ಗೌರವಿಸಿದರು. ಅವರ ಕೆಲಸವನ್ನು ಮುಂದಿನವರು ಗೌರವಿಸಿದರು. ನಮ್ಮೂರ ಕೆರೆಗಳಲ್ಲಿ ಹೂಳು ತುಂಬುತ್ತಿರುವಾಗ ಈ ಋಣವನ್ನು ನೆನೆಯುವುದು ಉಚಿತ.