ಡೇಟನ್ ಊರಿನ ಮೇಷ್ಟ್ರು ಜಾನ್ ಸ್ಕೋಪ್ಸ್

ಕಳೆದ ವರ್ಷ ಒಂದು ಸಂಜೆ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಮಗ ಊಟದ ಹೊತ್ತಿಗೆ ಒಂದು ಪ್ರಶ್ನೆ ಎತ್ತಿದ. ಬೈಬಲ್ಲಿನ ಸೃಷ್ಟಿಕಥೆಯನ್ನೂ ಬಯಾಲಜಿ ತರಗತಿಯಲ್ಲಿ ಹೇಳಿಕೊಡಬೇಕೆಂದು ಅವನ ಸಹಪಾಠಿಯೊಬ್ಬನ ಮನೆಯವರ ಆಸೆಯಂತೆ. ಹಾಗಾದರೆ ನಮ್ಮ ದಶಾವತಾರವನ್ನೂ ಸೇರಿಸಿ ಎಂದು ನಾವೂ ಕೇಳಬಹುದಲ್ಲ ಎಂದ. ತಪ್ಪು ಹುಡುಗನದಲ್ಲ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂದು ಬೆರಳು ಮಡಿಸುತ್ತಾ, ಡಾರ್ವಿನ್ ಹೇಳಿದ್ದನ್ನು ನಮ್ಮ ಹಿರಿಯರು ಎಂದೋ ಹೇಳಿದ್ದರು ಎಂದು ಹಬ್ಬದೂಟಗಳಲ್ಲಿ ಭಾಷಣ ಬಿಗಿಯುತ್ತಿದ್ದವನು ನಾನೇ! ಅಂದು ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುತ್ತಾ ಹೊರಟಾಗ ನನಗೆ ಎದುರಾದವರು, ನಾವು ನೆಲೆಸಿರುವ ಈ ಅಮೆರಿಕದಲ್ಲೇ ನೂರು ವರ್ಷಗಳ ಹಿಂದೆ ಪಾಠ ಹೇಳಿದ ಒಬ್ಬ ಶಾಲಾ ಮೇಷ್ಟ್ರು. ಅವರ ಬದುಕನ್ನು ನಮ್ಮ ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಜಾನ್ ಥಾಮಸ್ ಸ್ಕೋಪ್ಸ್ ಹುಟ್ಟಿದ್ದು 1900ರ ಆಗಸ್ಟ್ 3ರಂದು, ಕೆಂಟಕಿ ರಾಜ್ಯದ ಪಡೂಕಾ ಊರಿನಲ್ಲಿ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದು ರೈಲ್ವೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಂದರೆ ನಮ್ಮ ಮಕ್ಕಳ ಹಾಗೆ ಸ್ಕೋಪ್ಸ್ ಕೂಡ ವಲಸಿಗರ ಮಗನೇ. ಮುಂದೆ ಕುಟುಂಬ ಇಲಿನಾಯ್ ರಾಜ್ಯದ ಸೇಲಂ ಎಂಬ ಊರಿಗೆ ಬಂತು. 1919ರಲ್ಲಿ ಅಲ್ಲಿ ಹೈಸ್ಕೂಲು ಮುಗಿಸಿದಾಗ ಪದವಿ ಸಮಾರಂಭದ ಭಾಷಣಕ್ಕೆ ಬಂದವರು ಆ ಊರಿನಲ್ಲೇ ಹುಟ್ಟಿದ ಮಹಾ ವಾಗ್ಮಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಆರೇ ವರ್ಷದಲ್ಲಿ ಇವರಿಬ್ಬರೂ ಕೋರ್ಟಿನಲ್ಲಿ ಎದುರುಬದುರಾಗುತ್ತಾರೆಂದು ಅಂದು ಯಾರಿಗೆ ತಿಳಿದಿತ್ತು?

ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, 1924ರಲ್ಲಿ ಸ್ಕೋಪ್ಸ್ ಟೆನೆಸ್ಸಿ ರಾಜ್ಯದ ಡೇಟನ್ ಎಂಬ ಪುಟ್ಟ ಊರಿನ ಸರಕಾರಿ ಹೈಸ್ಕೂಲಿಗೆ ಮೇಷ್ಟ್ರಾಗಿ, ಫುಟ್‌ಬಾಲ್ ಕೋಚ್ ಆಗಿ ಬಂದರು. ಬಯಾಲಜಿ ಅವರ ವಿಷಯವಲ್ಲ. ಆ ಪಾಠದ ಮೇಷ್ಟ್ರು ಕಾಯಿಲೆ ಬಿದ್ದಾಗ ಕೆಲದಿನ ಅವರ ಬದಲಿಗೆ ನಿಂತಿದ್ದರು, ಅಷ್ಟೆ.

1925ರ ಮಾರ್ಚಿನಲ್ಲಿ ಟೆನೆಸ್ಸಿಯಲ್ಲಿ ಬಟ್ಲರ್ ಕಾಯಿದೆ ಜಾರಿಗೆ ಬಂತು. ಬೈಬಲ್ ಹೇಳುವ ಮಾನವ ಸೃಷ್ಟಿಯನ್ನು ನಿರಾಕರಿಸಿ, ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಸರಕಾರಿ ಶಾಲೆಗಳಲ್ಲಿ ಕಲಿಸುವುದು ಅಪರಾಧವಾಯಿತು. ದಂಡ ನೂರರಿಂದ ಐನೂರು ಡಾಲರ್. ಈ ಕಾಯಿದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಒಪ್ಪುವ ಶಿಕ್ಷಕರಿಗೆ ನೆರವಾಗುವುದಾಗಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಪ್ರಕಟಿಸಿತು. ಡೇಟನ್ನಿನ ಕೆಲವು ಪ್ರಮುಖರಿಗೆ ಇದರಿಂದ ತಮ್ಮ ಊರು ಹೆಸರಾಗಬಹುದೆಂಬ ಆಸೆ ಹುಟ್ಟಿತು. ರಾಬಿನ್ಸನ್ ಎಂಬುವರ ಔಷಧಿ ಅಂಗಡಿಯಲ್ಲಿ ಕುಳಿತು, ಟೆನಿಸ್ ಆಡುತ್ತಿದ್ದ ಸ್ಕೋಪ್ಸ್ ಅವರನ್ನು ಕರೆಸಿದರು. ಶಾಲೆಯ ಪಠ್ಯಪುಸ್ತಕಗಳೂ ಅದೇ ಅಂಗಡಿಯಲ್ಲಿ ಮಾರಾಟಕ್ಕಿದ್ದವು. ಸ್ಕೋಪ್ಸ್ ಹಂಟರ್ ಬರೆದ ಸಿವಿಕ್ ಬಯಾಲಜಿಯನ್ನು ತೆಗೆದು ತೋರಿಸಿದರು. ವಿಕಾಸವಾದ ಅದರಲ್ಲೇ ಅಚ್ಚಾಗಿತ್ತು, ಅದನ್ನು ಗೊತ್ತುಪಡಿಸಿದ್ದು ರಾಜ್ಯ ಸರಕಾರವೇ! ಆ ಪುಸ್ತಕ ಬಿಟ್ಟು ಬಯಾಲಜಿ ಕಲಿಸುವುದು ಸಾಧ್ಯವಿಲ್ಲವೆಂದು ಅವರಿಗೆ ಅನ್ನಿಸಿತ್ತು. ಮೊಕದ್ದಮೆಗೆ ನಿಲ್ಲುವಿರಾ ಎಂದು ಕೇಳಿದಾಗ ಒಪ್ಪಿಕೊಂಡು ಮತ್ತೆ ಆಟಕ್ಕೆ ಹೋದರು. ಆಗ ಅವರಿಗಿನ್ನೂ 24 ವರ್ಷ.

ಜುಲೈ 10ರಿಂದ 21ರವರೆಗೆ ವಿಚಾರಣೆ ನಡೆಯಿತು. ಪತ್ರಕರ್ತರು ಊರನ್ನೇ ತುಂಬಿದರು, ಕಲಾಪ ರೇಡಿಯೋದಲ್ಲಿ ನೇರವಾಗಿ ಬಿತ್ತರವಾಯಿತು. ಸ್ಕೋಪ್ಸ್ ಪರವಾಗಿ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ, ಸರಕಾರದ ಕಡೆ ಅದೇ ಬ್ರಯಾನ್. ಬ್ರಯಾನ್ ಅವರನ್ನು ಬರಿಯ ಮತಾಂಧ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮೂರು ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಅವರು ರೈತರ, ಬಡವರ ಪರ ನಿಂತವರು. ಭಾರತಕ್ಕೂ ಬಂದು, 1906ರಲ್ಲಿ ಬ್ರಿಟಿಷ್ ಆಡಳಿತವನ್ನು ಕಟುವಾಗಿ ಟೀಕಿಸಿ ಬರೆದವರು. ಬಲಿಷ್ಠರು ದುರ್ಬಲರನ್ನು ತುಳಿಯಲು ಡಾರ್ವಿನ್ನನ ಹೆಸರು ನೆಪವಾದೀತೆಂಬ ಭಯ ಅವರಿಗಿತ್ತು. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಹಂಟರನ ಅದೇ ಪುಸ್ತಕದಲ್ಲಿ ಬಿಳಿಯರೇ ಶ್ರೇಷ್ಠ ಜನಾಂಗವೆಂಬ ಮಾತೂ, ದುರ್ಬಲರಿಗೆ ಸಂತಾನವಾಗದಂತೆ ತಡೆಯಬೇಕೆಂಬ ಮಾತೂ ಇದ್ದವು. ನಮ್ಮಂಥವರಿಗೆ ಓದಲು ಕಷ್ಟವಾಗುವ ಪುಟಗಳಿವು. ಆದರೆ ಆ ತಪ್ಪನ್ನು ಕಳಚಿಹಾಕಿದ್ದು ಮುಂದೆ ಬೆಳೆದ ವಿಜ್ಞಾನ ಮತ್ತು ಜನರ ವಿವೇಕ. ಪಾಠವನ್ನೇ ನಿಷೇಧಿಸಿದ್ದ ಕಾಯಿದೆಯಿಂದ ಅದು ಆಗಲಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ಸ್ಕೋಪ್ಸ್ ಸಾಕ್ಷಿಕಟ್ಟೆ ಹತ್ತಲೇ ಇಲ್ಲ. ಜ್ಯೂರಿಯ ಮುಂದೆ ವಿಜ್ಞಾನಿಗಳ ಸಾಕ್ಷ್ಯಕ್ಕೂ ನ್ಯಾಯಾಧೀಶರು ಅವಕಾಶ ಕೊಡಲಿಲ್ಲ. ಜ್ಯೂರಿಗೆ ಒಂಬತ್ತೇ ನಿಮಿಷ ಸಾಕಾಯಿತು. ಸ್ಕೋಪ್ಸ್ ಅಪರಾಧಿ, ನೂರು ಡಾಲರ್ ದಂಡ. ಆಮೇಲೆ ಅವರು ಎದ್ದುನಿಂತು, ಇದು ಅನ್ಯಾಯದ ಕಾಯಿದೆ, ಮುಂದೆಯೂ ಇದನ್ನು ವಿರೋಧಿಸುತ್ತೇನೆ ಎಂಬರ್ಥದ ನಾಲ್ಕು ಮಾತಾಡಿ ಕುಳಿತರು. ಐದು ದಿನ ಕಳೆದ ಮೇಲೆ ಬ್ರಯಾನ್ ಡೇಟನ್ನಿನಲ್ಲೇ ನಿದ್ರೆಯಲ್ಲಿ ತೀರಿಕೊಂಡರು. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಐವತ್ತು ಡಾಲರಿಗೆ ಮೀರಿದ ದಂಡವನ್ನು ಜ್ಯೂರಿಯೇ ವಿಧಿಸಬೇಕಿತ್ತೆಂಬ ಕಾರಣಕ್ಕೆ ಶಿಕ್ಷೆಯನ್ನು ರದ್ದುಮಾಡಿತು. ಕಾಯಿದೆ ಮಾತ್ರ ಹಾಗೆಯೇ ಉಳಿಯಿತು.

ತಮ್ಮ ಹೆಸರನ್ನು ಮಾರಿ ಹಣ ಮಾಡುವ ಅವಕಾಶ ಸ್ಕೋಪ್ಸ್ ಅವರಿಗೆ ಬೇಕಾದಷ್ಟಿತ್ತು. ಅದನ್ನೆಲ್ಲ ನಿರಾಕರಿಸಿ, ವಿಜ್ಞಾನಿಗಳು ಕೂಡಿಸಿಕೊಟ್ಟ ಹಣದ ನೆರವಿನಿಂದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದರು. ವೆನೆಜುವೆಲಾದಲ್ಲಿ ಎಣ್ಣೆ ಕಂಪನಿಯೊಂದರ ಕೆಲಸಕ್ಕೆ ಹೋಗಿ, 1930ರಲ್ಲಿ ಮಿಲ್ಡ್ರೆಡ್ ವಾಕರ್ ಅವರನ್ನು ಮದುವೆಯಾದರು. ಪತ್ನಿಯ ಕ್ಯಾಥೊಲಿಕ್ ಮತವನ್ನು ತಾವೂ ಸ್ವೀಕರಿಸಿದರು. ವಿಕಾಸವಾದಕ್ಕಾಗಿ ಕಟಕಟೆಯಲ್ಲಿ ನಿಂತ ಮನುಷ್ಯ ಚರ್ಚಿಗೂ ಸೇರಿದರೆಂಬುದು ಗಮನಿಸಬೇಕಾದ ಸಂಗತಿ. ಮತ್ತೆ ಮೇಷ್ಟ್ರಾಗಲಿಲ್ಲ. ಅನಿಲ ಕಂಪನಿಯೊಂದರಲ್ಲಿ ಭೂವಿಜ್ಞಾನಿಯಾಗಿ ದುಡಿದು, ಸದ್ದಿಲ್ಲದೆ ನಿವೃತ್ತರಾದರು.

1967ರಲ್ಲಿ ಟೆನೆಸ್ಸಿ ಬಟ್ಲರ್ ಕಾಯಿದೆಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಕೋಪ್ಸ್ ಅವರ ಆತ್ಮಕಥೆ ಹೊರಬಂತು. ಮರುವರ್ಷ ಆರ್ಕನ್ಸಾದ ಇಂಥದೇ ಕಾಯಿದೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ಅಸಿಂಧುಗೊಳಿಸಿತು. ಇಷ್ಟನ್ನು ಕಣ್ಣಾರೆ ಕಂಡು, ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ 1970ರ ಅಕ್ಟೋಬರ್ 21ರಂದು ಸ್ಕೋಪ್ಸ್ ಕಣ್ಮುಚ್ಚಿದರು.

ವಿವಾದ ಮಾತ್ರ ವೇಷ ಬದಲಿಸಿಕೊಂಡು ಬರುತ್ತಲೇ ಇತ್ತು. ವಿಕಾಸವಾದ ಕಲಿಸಿದರೆ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಅದೇ ಲೂಸಿಯಾನಾದ ಕಾಯಿದೆಯನ್ನು 1987ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಬುದ್ಧಿವಂತ ವಿನ್ಯಾಸ ಎಂಬ ಹೊಸ ಹೆಸರಿನಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಶಾಲೆಗಳಿಗೆ ಬಂದದ್ದೂ ಧಾರ್ಮಿಕ ನಂಬಿಕೆಯೇ ಎಂದು 2005ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪಿತ್ತರು. ಇದು ಅಮೆರಿಕದವರ ತಲೆನೋವು ಮಾತ್ರವೆಂದು ನಾವು ನಗುವಂತಿಲ್ಲ. 2023ರಲ್ಲಿ ನಮ್ಮ ತಾಯ್ನಾಡಿನಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಿತು. ಪಠ್ಯದ ಹೊರೆ ಇಳಿಸುವುದು ಅದು ಕೊಟ್ಟ ಕಾರಣ. ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ತೆಗೆದುಕೊಂಡವರಿಗಷ್ಟೇ ಅದು ಉಳಿಯಿತು.

ವೈದ್ಯನಾಗಿ ನನಗೆ ಇದು ಬರಿಯ ವಾದದ ವಿಷಯವಲ್ಲ. ನಿನ್ನೆಯವರೆಗೆ ಕೆಲಸಮಾಡಿದ ಆಂಟಿಬಯಾಟಿಕ್‌ಗೆ ಇಂದು ಜಗ್ಗದ ಬ್ಯಾಕ್ಟೀರಿಯಾವನ್ನು ವಾರ್ಡಿನಲ್ಲಿ ಕಾಣುತ್ತೇನೆ. ಔಷಧಿಗೆ ಸಾಯದೆ ಉಳಿದವು ಬೆಳೆದು ಹೆಚ್ಚುತ್ತವೆ. ಇದು ರೋಗಿಯ ಹಾಸಿಗೆಯ ಪಕ್ಕದಲ್ಲೇ ನಡೆಯುವ ವಿಕಾಸ. ಇದನ್ನು ಅರಿಯದ ಹುಡುಗ ನಾಳೆ ಡಾಕ್ಟರಾದರೆ ನಷ್ಟ ರೋಗಿಗೆ.

ಕೊನೆಗೂ ಮಗನಿಗೆ ಉತ್ತರ ಕೊಟ್ಟೆ. ದಶಾವತಾರ ನಮ್ಮದು. ದೇವರ ಮನೆಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ, ಅಜ್ಜಿಯ ಕಥೆಯಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅದನ್ನು ಡಾರ್ವಿನ್ನನ ತಕ್ಕಡಿಯಲ್ಲಿ ತೂಗಿದ ನನ್ನ ಭಾಷಣವನ್ನು ಇಲ್ಲಿಗೆ ನಿಲ್ಲಿಸಿದ್ದೇನೆ. ಬಯಾಲಜಿ ತರಗತಿಯಲ್ಲಿ ಸಾಕ್ಷ್ಯಕ್ಕೆ ನಿಲ್ಲುವ ಮಾತಿಗೆ ಮಾತ್ರ ಜಾಗ. ಇತರರ ಸೃಷ್ಟಿಕಥೆಗೆ ಅಲ್ಲಿ ಜಾಗವಿಲ್ಲವೆಂದ ಮೇಲೆ ನಮ್ಮದಕ್ಕೂ ಇಲ್ಲ. ಮುಂದಿನ ವಿಜಯದಶಮಿಗೆ ನಮ್ಮ ಸಂಘದ ಮಕ್ಕಳಿಗೆ ಮತ್ಸ್ಯಾವತಾರದ ಕಥೆ ಹೇಳುವ ಸರದಿ ನನ್ನದು. ಕಥೆಯನ್ನು ಕಥೆಯಾಗಿಯೇ ಹೇಳುತ್ತೇನೆ. ಬಂಧುಗಳು ಮಕ್ಕಳನ್ನು ತಪ್ಪದೆ ಕರೆತರಬೇಕಾಗಿ ವಿನಂತಿ.