ಹಗುರ ನೆಲ, ಭಾರದ ಕಡಲತಳ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಆಲ್‌ಫ್ರೆಡ್ ವೆಗೆನರ್ ಒಂದು ಅಂಕದ ಉತ್ತರ: ಖಂಡಗಳ ಅಲೆತದ ಸಿದ್ಧಾಂತ ಮಂಡಿಸಿದವರು. ಅವರ ಬದುಕನ್ನು ಓದುತ್ತಾ ಹೋದಂತೆ ನನಗೆ ಹೆಚ್ಚು ಹಿಡಿಸಿದ್ದು ಅವರು ಹಾಕಿದ ಕಡಲತಳದ ಲೆಕ್ಕ.

1880ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ವೆಗೆನರ್ ಡಾಕ್ಟರೇಟ್ ಪಡೆದದ್ದು ಖಗೋಳಶಾಸ್ತ್ರದಲ್ಲಿ, ದುಡಿದದ್ದು ಹವಾಮಾನ ವಿಜ್ಞಾನದಲ್ಲಿ. 1906ರಲ್ಲಿ ಅಣ್ಣ ಕುರ್ಟ್ ಜೊತೆ ಬಲೂನಿನಲ್ಲಿ 52 ಗಂಟೆಗೂ ಹೆಚ್ಚು ಹಾರಿ ದಾಖಲೆ ಮಾಡಿದ್ದರು. ಭೂವಿಜ್ಞಾನ ಅವರ ವಿಷಯವೇ ಅಲ್ಲ. ಆದರೂ 1912ರ ಜನವರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಭೂವಿಜ್ಞಾನಿಗಳ ಮುಂದೆ ನಿಂತು, ಖಂಡಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದವು ಎಂದರು. ಮಹಾಯುದ್ಧದಲ್ಲಿ ಗಾಯಗೊಂಡು ಸುಧಾರಿಸಿಕೊಳ್ಳುತ್ತಲೇ ಬರೆದು, 1915ರಲ್ಲಿ ಅದನ್ನು ಪುಸ್ತಕವಾಗಿ ತಂದರು.

ದೂರದ ಎರಡು ಖಂಡಗಳಲ್ಲಿ ಒಂದೇ ಪ್ರಾಣಿಯ ಪಳೆಯುಳಿಕೆ ಸಿಗುವುದೇಕೆ? ನಡುವೆ ಇದ್ದ ಭೂಸೇತುವೆ ಕಡಲಲ್ಲಿ ಮುಳುಗಿತು ಎಂದು ಆಗಿನ ಅನೇಕರು ನಂಬಿದ್ದರು. ವೆಗೆನರ್ ಭೂಮಿಯ ಎತ್ತರ, ಆಳಗಳ ಅಂಕಿಗಳನ್ನು ಹರಡಿಕೊಂಡು ಕೂತರು. ಎಲ್ಲೆಡೆ ಒಂದೇ ಬಗೆಯ ಶಿಲೆ ಇದ್ದು, ಅದೇ ಉಬ್ಬಿ ಕುಸಿದಿದ್ದರೆ ಹೆಚ್ಚಿನ ಭಾಗ ಒಂದು ಸರಾಸರಿ ಮಟ್ಟದ ಸುತ್ತ ಇರಬೇಕಿತ್ತು. ಸಿಕ್ಕಿದ್ದು ಎರಡು ಮಟ್ಟ: ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರ್ ಮೇಲೊಂದು, ಸುಮಾರು 4,700 ಮೀಟರ್ ಕೆಳಗೊಂದು. ಅಂದರೆ ಶಿಲೆಯೇ ಎರಡು ಬಗೆ. ಗ್ರಾನೈಟ್‌ನಂಥ ಹಗುರ ಶಿಲೆಯ ಖಂಡ, ಬಸಾಲ್ಟ್‌ನಂಥ ಭಾರದ ಶಿಲೆಯ ಕಡಲತಳ. ಹಗುರವಾದ ಖಂಡ ಮುಳುಗಿ ಕಡಲತಳ ಆಗದು; ಸರಿದು ದೂರ ಹೋಗಿರಬೇಕು.

ಇಂದಿನ ಅಳತೆಯಲ್ಲಿ ಖಂಡದ ಭೂಕವಚದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಕಡಲತಳದ್ದು ಸುಮಾರು 3 ಗ್ರಾಂ. ಮೊದಲನೆಯದು ಸರಾಸರಿ 35 ಕಿ.ಮೀ. ದಪ್ಪ, ಎರಡನೆಯದು ಸುಮಾರು 7 ಕಿ.ಮೀ. ಮಾತ್ರ. ಕಡಲತಳದಲ್ಲಿ ಮೇಲೆ ಬಸಾಲ್ಟ್, ಕೆಳಗೆ ಅದೇ ಶಿಲಾರಸ ನಿಧಾನವಾಗಿ ತಣಿದು ಆದ ಗ್ಯಾಬ್ರೊ. ಕಬ್ಬಿಣ, ಮೆಗ್ನೀಷಿಯಂ ಹೆಚ್ಚಿರುವುದರಿಂದ ಆ ಭಾರ.

ಆದರೆ ಖಂಡಗಳನ್ನು ತಳ್ಳುವ ಶಕ್ತಿ ಯಾವುದು? ಇದಕ್ಕೆ ಅವರಲ್ಲಿ ಗಟ್ಟಿ ಉತ್ತರವಿರಲಿಲ್ಲ. 1926ರ ನ್ಯೂಯಾರ್ಕ್ ಸಭೆಯಲ್ಲಿ ಕಟುಟೀಕೆ ಬಂತು. ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1924ರಲ್ಲಿ, ತಾಯ್ನಾಡಿನ ಆಚೆ, ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಪುಸ್ತಕವನ್ನು ಮಾತ್ರ ಅವರು ತಿದ್ದುತ್ತಲೇ ಇದ್ದರು; 1929ಕ್ಕೆ ನಾಲ್ಕನೇ ಆವೃತ್ತಿ ಬಂತು.

1930ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದ ನಡುವಿನ ಕೇಂದ್ರದಲ್ಲಿದ್ದ ಸಂಗಡಿಗರಿಗೆ ಸಾಮಗ್ರಿ ಕೊಂಡೊಯ್ದು, ತಮ್ಮ 50ನೇ ಹುಟ್ಟುಹಬ್ಬದ ದಿನ, ನವೆಂಬರ್ 1ರಂದು ಮರಳಿ ಹೊರಟರು. ದಾರಿಯಲ್ಲೇ ತೀರಿಕೊಂಡರು. ಮುಂದಿನ ಮೇ ತಿಂಗಳಲ್ಲಿ ಹಿಮದಡಿ ದೇಹ ಸಿಕ್ಕಿತು.

ಖಂಡಗಳು ಕಡಲತಳವನ್ನು ಸೀಳಿಕೊಂಡು ಸಾಗುತ್ತವೆ ಎಂಬ ಅವರ ಊಹೆ ನಿಲ್ಲಲಿಲ್ಲ. ತಳವೂ ಹೊಸದಾಗಿ ಹುಟ್ಟಿ ಸರಿಯುತ್ತದೆಂದು 1960ರ ದಶಕದಲ್ಲಿ ತಿಳಿಯಿತು. ಎರಡು ಶಿಲೆಗಳ ಲೆಕ್ಕ ಮಾತ್ರ ಉಳಿಯಿತು. ಓದಿದ್ದೊಂದು, ಮಾಡಬೇಕೆನಿಸುವ ಕೆಲಸ ಇನ್ನೊಂದು ಎಂದು ಹಿಂಜರಿಯುವ ಗೆಳೆಯರಿಗೆ ನಾನೀಗ ವೆಗೆನರ್ ಹೆಸರು ಹೇಳುತ್ತೇನೆ.