ನಾಲ್ಕು ಚುಕ್ಕಿ, ಒಂದು ಗೆರೆ: ಪಿಯರ್ ಬೆಜಿಯೆ ಕಥೆ

ಪ್ರತಿ ವರ್ಷ ಕ್ಯಾಡ್ ಸಾಫ್ಟ್‌ವೇರ್‌ಗಳ ಹೊಸ ವರ್ಷನ್ ಬರುತ್ತೆ, ಜೊತೆಗೆ ಒಂದು ಉದ್ದ ಪಟ್ಟಿನೂ ಬರುತ್ತೆ. ಫೈಲ್ ಬೇಗ ಓಪನ್ ಆಗುತ್ತೆ, ಝೂಮ್ ಮಾಡುವಾಗ ತಡವರಿಸಲ್ಲ, ದೊಡ್ಡ ಅಸೆಂಬ್ಲಿ ತಿರುಗಿಸಿದ್ರೂ ಹ್ಯಾಂಗ್ ಆಗಲ್ಲ ಅಂತೆಲ್ಲ. ನಾವು ಪಟ್ಟಿ ಓದದೇ ಇನ್‌ಸ್ಟಾಲ್ ಮಾಡ್ತೇವೆ, ಅದು ಬೇರೆ ವಿಷಯ. ಆ ಪಟ್ಟಿಯಲ್ಲಿ ಹೆಸರು ಕಾಣಿಸದಿದ್ದರೂ ಪ್ರತಿ ವರ್ಷನ್‌ನ ಒಳಗೂ ಇರುವ ಒಬ್ಬ ಫ್ರೆಂಚ್ ಎಂಜಿನಿಯರ್ ಬಗ್ಗೆ ಈ ಸಲ ಬರೀತಾ ಇದ್ದೇನೆ. ನಾವು ಬೆಜಿಯರ್ ಕರ್ವ್ ಅಂತೇವಲ್ಲ, ಆ ಬೆಜಿಯರ್ ಒಬ್ಬ ಮನುಷ್ಯ ಅಂತ ನನಗೆ ಮೊದಲ ವರ್ಷ ಮುಗಿಯುವವರೆಗೂ ಗೊತ್ತಿರಲಿಲ್ಲ. ಫ್ರೆಂಚ್ ಉಚ್ಚಾರಣೆಯಲ್ಲಿ ಕೊನೆಯ ರ್ ಇಲ್ಲ, ಬೆಜಿಯೆ.

ನನಗೆ ಗೊತ್ತಾಗಿದ್ದು ಹೇಗೆ ಅಂತ ಮೊದಲು ಹೇಳ್ತೇನೆ. ನಾನು ಕುಂದಾಪುರ ಹತ್ತಿರದ ಗುಲ್ವಾಡಿಯವನು. ಅಮ್ಮನ ಅಪ್ಪ ಗಂಗೊಳ್ಳಿಯಲ್ಲಿ ಮರದ ದೋಣಿ ಕಟ್ಟುವ ಆಚಾರಿ. ಅಜ್ಜ ಡ್ರಾಯಿಂಗ್ ಮಾಡಿದ್ದನ್ನು ನಾನು ನೋಡಿಲ್ಲ. ಉದ್ದದ ತೆಳು ಪಟ್ಟಿಯೊಂದನ್ನು ದೋಣಿಯ ಪಕ್ಕೆಲುಬುಗಳ ಮೇಲೆ ಬಗ್ಗಿಸಿ ಇಟ್ಟು, ಸ್ವಲ್ಪ ದೂರ ಹೋಗಿ, ಒಂದು ಕಣ್ಣು ಮುಚ್ಚಿ ನೋಡ್ತಿದ್ರು. ಎಲ್ಲೋ ಒಂದು ಕಡೆ ಉಬ್ಬಿದೆ ಅನ್ನಿಸಿದರೆ ಅಲ್ಲಿ ಎರಡು ಸಲ ಉಳಿ ಹೊಡೆದು ಮತ್ತೆ ನೋಡ್ತಿದ್ರು. ಹೋದ ವರ್ಷ ಅಜ್ಜ ತೀರಿಕೊಂಡರು. ಅವರು ಕಟ್ಟಿದ ಒಂದು ಸಣ್ಣ ದೋಣಿ ಮಾವನ ಮನೆ ಹಿಂದೆ ಮಡಲಿನ ಚಪ್ಪರದ ಅಡಿ ಉಳಿದಿತ್ತು. ಕ್ಯಾಡ್ ಕಲಿತ ಹುರುಪಿನಲ್ಲಿ ಅದನ್ನು ಡ್ರಾ ಮಾಡಿ ಇಡುವಾ ಅಂತ ಟೇಪ್ ಹಿಡಿದು ಹೊರಟೆ. ದೋಣಿಯ ಪಕ್ಕದ ಗೆರೆಗೆ ನೂರಾರು ಚಿಕ್ಕ ಚಿಕ್ಕ ಲೈನ್ ಜೋಡಿಸಿದೆ. ದೂರದಿಂದ ಚಂದ ಕಾಣ್ತಿತ್ತು. ಝೂಮ್ ಮಾಡಿದ್ರೆ ಮುರಿದ ಬಳೆ ಚೂರುಗಳ ಹಾಗೆ. ಒಂದು ಕಡೆ ಸರಿ ಮಾಡಿದ್ರೆ ಪಕ್ಕದ್ದು ಬಿಟ್ಟುಕೊಳ್ತಿತ್ತು. ಕೊನೆಗೆ ಒಬ್ಬ ಸೀನಿಯರ್ ಎಲ್ಲ ಡಿಲೀಟ್ ಮಾಡಿಸಿ, ಸ್ಪ್ಲೈನ್ ತೆಗೆದು, ಕಂಟ್ರೋಲ್ ಪಾಯಿಂಟ್ ಅಂತ ನಾಲ್ಕೇ ನಾಲ್ಕು ಚುಕ್ಕಿ ಇಟ್ಟು ತೋರಿಸಿದರು. ಒಂದು ಚುಕ್ಕಿ ಎಳೆದರೆ ಗೆರೆ ಪೂರ್ತಿ ಮೆತ್ತಗೆ ಬಾಗ್ತಿತ್ತು, ಅಜ್ಜನ ಪಟ್ಟಿಯ ಹಾಗೆ. ಇದನ್ನು ಯಾರು ಮಾಡಿದ್ದು ಅಂತ ಹುಡುಕಿದಾಗ ಸಿಕ್ಕಿದವರು ಪಿಯರ್ ಬೆಜಿಯೆ.

ಬೆಜಿಯೆ ಹುಟ್ಟಿದ್ದು 1910ರ ಸೆಪ್ಟೆಂಬರ್ 1ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಎಂಜಿನಿಯರ್, ಅಜ್ಜನೂ ಎಂಜಿನಿಯರ್. 1930ರಲ್ಲಿ ಮೆಕ್ಯಾನಿಕಲ್ ಡಿಗ್ರಿ ಮುಗಿಸಿದರು, ಮರುವರ್ಷವೇ ಎಲೆಕ್ಟ್ರಿಕಲ್‌ನಲ್ಲಿ ಇನ್ನೊಂದು ಡಿಗ್ರಿ. ಒಂದು ಬ್ರಾಂಚ್‌ನ ಬ್ಯಾಕ್‌ಲಾಗೇ ಮುಗಿಸಲಾಗದ ನಮ್ಮಂಥವರಿಗೆ ಇದು ಸ್ವಲ್ಪ ಜಾಸ್ತಿನೇ ಆಯ್ತು. 1933ರಲ್ಲಿ ರೆನೋ ಕಾರು ಕಂಪನಿ ಸೇರಿದರು. ಸೇರಿದ್ದು ದೊಡ್ಡ ಹುದ್ದೆಗೆ ಏನಲ್ಲ. ಮೆಷಿನ್‌ಗೆ ಟೂಲ್ ಕೂರಿಸಿ ಸೆಟ್ ಮಾಡುವ ಕೆಲಸ. ಕೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸ. ಮುಂದಿನ ವರ್ಷ ಟೂಲ್ ಡಿಸೈನರ್ ಆದರು. 1945ಕ್ಕೆ ಟೂಲ್ ಡಿಸೈನ್ ಆಫೀಸಿನ ಮುಖ್ಯಸ್ಥ. 42 ವರ್ಷ ಅದೇ ಕಂಪನಿಯಲ್ಲಿ ಇದ್ದು 1975ರಲ್ಲಿ ನಿವೃತ್ತಿಯಾದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ರೆನೋ 4ಸಿವಿ ಅಂತ ಒಂದು ಪುಟ್ಟ ಕಾರು ತಂತು. ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾದ ಮೊದಲ ಫ್ರೆಂಚ್ ಕಾರು ಅದೇ. ಅಷ್ಟು ಕಾರು ಮಾಡಬೇಕು ಅಂದರೆ ಬಿಡಿಭಾಗಗಳು ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ತಾವಾಗಿಯೇ ಸಾಗಿ ಹೋಗಬೇಕು. ಹೀಗೆ ಸಾಗುವ ಸಾಲಿಗೆ ಟ್ರಾನ್ಸ್‌ಫರ್ ಲೈನ್ ಅಂತಾರೆ. ಆ ಕಾರಿನ ಹೆಚ್ಚಿನ ಮೆಕ್ಯಾನಿಕಲ್ ಭಾಗಗಳ ಟ್ರಾನ್ಸ್‌ಫರ್ ಲೈನ್ ಡಿಸೈನ್ ಆದದ್ದು ಬೆಜಿಯೆ ಹೊಣೆಯಲ್ಲಿ. ಅಂದರೆ ಕರ್ವ್‌ಗೆ ಕೈ ಹಾಕುವ ಮೊದಲೇ ಅವರು ಒಳ್ಳೆ ಹೆಸರು ಮಾಡಿದ್ದ ಪ್ರೊಡಕ್ಷನ್ ಎಂಜಿನಿಯರ್. ಆರಾಮಾಗಿ ಅಲ್ಲೇ ಇರಬಹುದಿತ್ತು.

ಆದರೆ ಒಂದು ಸಮಸ್ಯೆ ಅವರನ್ನು ಕಾಡ್ತಾ ಇತ್ತು. ಆಗ ಕಾರಿನ ಬಾಡಿ ಆಗ್ತಿದ್ದ ರೀತಿ ಕೇಳಿ. ಸ್ಟೈಲಿಸ್ಟ್ ಚಿಕ್ಕದಾಗಿ ಒಂದು ಚಿತ್ರ ಬಿಡಿಸ್ತಾರೆ. ಅದನ್ನು ನೋಡಿ ಡ್ರಾಫ್ಟ್ಸ್‌ಮನ್ ನಿಜವಾದ ಅಳತೆಯಲ್ಲಿ ಗೆರೆ ಎಳೀತಾರೆ. ಆ ಗೆರೆ ನೋಡಿ ಪ್ಲಾಸ್ಟರ್ ಮಾಡೆಲ್ ಮಾಡ್ತಾರೆ. ಪ್ಲಾಸ್ಟರ್ ನೋಡಿ ಟೆಂಪ್ಲೇಟ್, ಟೆಂಪ್ಲೇಟ್ ನೋಡಿ ಮರದ ಮಾಸ್ಟರ್ ಮಾಡೆಲ್, ಅದನ್ನು ನೋಡಿ ಡೈ. ಪ್ರತಿ ಹಂತದಲ್ಲೂ ಒಬ್ಬರ ಕಣ್ಣು, ಒಬ್ಬರ ಕೈ ಗೆರೆಯನ್ನು ಒಂಚೂರು ಬದಲಾಯಿಸ್ತಿತ್ತು. ಕೊನೆಗೆ ಬಾಗಿಲು ಬಾಡಿಗೆ ಕೂರಲಿಲ್ಲ ಅಂದರೆ ತಪ್ಪು ಯಾರದ್ದು? ಅಸಲು ಆಕಾರ ಯಾವುದು, ಚಿತ್ರದಲ್ಲಿರೋದಾ, ಪ್ಲಾಸ್ಟರ್‌ನಲ್ಲಿರೋದಾ? ಈ ಜಗಳ ನೋಡಿ ನೋಡಿ ಬೆಜಿಯೆಗೆ ಅನ್ನಿಸಿದ್ದು ಇಷ್ಟು: ಆಕಾರವನ್ನು ಅಂಕಿಗಳಲ್ಲಿ ಬರೆದಿಟ್ಟರೆ ಸ್ಟೈಲಿಸ್ಟ್‌ಗೂ ಡೈ ಮಾಡುವವನಿಗೂ ಒಂದೇ ಆಕಾರ ಸಿಗುತ್ತೆ. ಅಂಕಿ ಯಾರ ಕೈಯಲ್ಲೂ ಬದಲಾಗಲ್ಲ.

ಸರಳ ರೇಖೆಗೆ, ವೃತ್ತಕ್ಕೆ ಅಂಕಿ ಸುಲಭ. ಕಾರಿನ ಬಾನೆಟ್ ವೃತ್ತವೂ ಅಲ್ಲ, ಪ್ಯಾರಾಬೋಲಾನೂ ಅಲ್ಲ. ಜೊತೆಗೆ ಆ ಗಣಿತ ಸ್ಟೈಲಿಸ್ಟ್ ಕೈಗೆ ಒಗ್ಗಬೇಕು. ಅವರು ಚಿತ್ರಕಾರರು, ಸಮೀಕರಣ ಬರೆಯುವವರಲ್ಲ. 1960ರಲ್ಲಿ, ಐವತ್ತರ ವಯಸ್ಸಿನಲ್ಲಿ, ಬೆಜಿಯೆ ಇದಕ್ಕೆ ಕೂತರು. ಅವರ ಮೊದಲ ಯೋಚನೆ ವರ್ಕ್‌ಶಾಪ್ ಮನುಷ್ಯನ ಯೋಚನೆಯೇ. ಒಂದು ಘನದೊಳಗೆ ಎರಡು ಸಿಲಿಂಡರ್ ಮೇಲ್ಮೈಗಳು ಕತ್ತರಿಸಿದಾಗ ಒಂದು ಬಾಗಿದ ಗೆರೆ ಸಿಗುತ್ತೆ. ಈಗ ಆ ಘನವನ್ನೇ ಎಳೆದು ಓರೆ ಮಾಡಿದರೆ ಒಳಗಿನ ಗೆರೆಯೂ ಜೊತೆಗೆ ಬಾಗುತ್ತೆ. ಅಂದರೆ ಗೆರೆಯನ್ನು ಮುಟ್ಟುವ ಅಗತ್ಯವೇ ಇಲ್ಲ, ಅದರ ಸುತ್ತಲಿನ ಚೌಕಟ್ಟು ಎಳೆದರೆ ಸಾಕು. ಇದೇ ಮುಂದೆ ಪಾಲಿನಾಮಿಯಲ್ ರೂಪಕ್ಕೆ ಬಂದು ನಾವು ಇವತ್ತು ಎಳೆಯುವ ಕಂಟ್ರೋಲ್ ಪಾಯಿಂಟ್‌ಗಳ ಕರ್ವ್ ಆಯಿತು. ಮನೆಯೆದುರು ಚುಕ್ಕಿ ಇಟ್ಟು ಎಳೆಯುವ ಸಿಕ್ಕು ರಂಗೋಲಿ ನೆನಪು ಮಾಡಿಕೊಳ್ಳಿ. ಗೆರೆ ಚುಕ್ಕಿಯನ್ನು ಮುಟ್ಟಲ್ಲ, ಆದರೆ ಚುಕ್ಕಿ ಎಲ್ಲಿದೆ ಅನ್ನೋದರ ಮೇಲೇ ಗೆರೆ ಹೋಗುತ್ತೆ.

ಕಂಪನಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು ಅಂದುಕೊಳ್ಳಬೇಡಿ. ಒಬ್ಬ ಟೂಲ್ ಡಿಸೈನರ್ ಗಣಿತ ಮಾಡಿದರೆ ಯಾರು ನಂಬ್ತಾರೆ? ಅವರ ಬಗ್ಗೆ ಒಂದು ತಮಾಷೆ ಕಥೆ ಇದೆ. ತಮ್ಮ ಫಂಕ್ಷನ್‌ಗಳನ್ನು ಒನೆಸಿಮ್ ದ್ಯುರಾಂ ಎಂಬ ಪ್ರೊಫೆಸರ್ ಕಂಡುಹಿಡಿದದ್ದು ಅಂತ ಅವರು ಹೇಳ್ತಿದ್ರಂತೆ. ಅಂಥ ಪ್ರೊಫೆಸರ್ ಇರಲೇ ಇಲ್ಲ! ಪ್ರೊಫೆಸರ್ ಹೆಸರು ಕೇಳಿದರೆ ಜನ ಸುಮ್ಮನೆ ಒಪ್ಪಿಕೊಳ್ತಾರೆ ಅಂತ ಅವರಿಗೆ ಗೊತ್ತಿತ್ತು.

1968ರಲ್ಲಿ ಅವರ ಸಿಸ್ಟಮ್ ರೆನೋದಲ್ಲಿ ಪೂರ್ಣವಾಗಿ ಕೆಲಸ ಶುರು ಮಾಡಿತು. ಹೆಸರು ಯುನಿಸರ್ಫ್. ಕಂಪ್ಯೂಟರ್ ಲೆಕ್ಕ ಹಾಕುತ್ತೆ, ದೊಡ್ಡ ಡ್ರಾಯಿಂಗ್ ಮೆಷಿನ್ ನಿಜ ಅಳತೆಯಲ್ಲಿ ಗೆರೆ ಎಳೆಯುತ್ತೆ, ಮಿಲ್ಲಿಂಗ್ ಮೆಷಿನ್ ಅದೇ ಅಂಕಿಗಳಿಂದ ಮಾಡೆಲ್ ಕೆತ್ತುತ್ತೆ. ಅದೇ ವರ್ಷದಿಂದ ಪ್ಯಾರಿಸ್‌ನಲ್ಲಿ ಪ್ರೊಡಕ್ಷನ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿ ಪಾಠವನ್ನೂ ಮಾಡಿದರು. 1977ರಲ್ಲಿ, ನಿವೃತ್ತಿಯಾಗಿ ಎರಡು ವರ್ಷದ ಮೇಲೆ, ಪ್ಯಾರಿಸ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ಅರವತ್ತಾರು ದಾಟಿತ್ತು. ಅಂತೂ ಸುಳ್ಳು ಪ್ರೊಫೆಸರ್ ದ್ಯುರಾಂ ಅಗತ್ಯ ತಪ್ಪಿತು.

ಈಗ ಕಥೆಯ ಇನ್ನೊಂದು ಮುಖ. ಅದೇ ಪ್ಯಾರಿಸ್‌ನಲ್ಲಿ, ರೆನೋದ ಎದುರಾಳಿ ಸಿಟ್ರೋಯೆನ್ ಕಂಪನಿಯಲ್ಲಿ ಪಾಲ್ ದ ಕ್ಯಾಸ್ತಲ್ಜೋ ಎಂಬ ಯುವ ಗಣಿತಜ್ಞ ಇದೇ ಕರ್ವ್ ಅನ್ನು ಬೆಜಿಯೆಗಿಂತ ಮೊದಲೇ, 1959ರಲ್ಲಿ ಕಂಡುಕೊಂಡಿದ್ದರು. ಅವರ ವಿಧಾನ ಎಷ್ಟು ಸುಲಭ ಅಂದರೆ ನೋಟ್‌ಬುಕ್ ತೆಗೆದು ಈಗಲೇ ಮಾಡಬಹುದು. ಅ, ಆ, ಇ, ಈ ಅಂತ ನಾಲ್ಕು ಚುಕ್ಕಿ ಇಡಿ. ಸಾಲಾಗಿ ಜೋಡಿಸಿ, ಮೂರು ಗೆರೆ ಬರುತ್ತೆ. ಮೂರರ ಮಧ್ಯಬಿಂದು ಗುರುತು ಮಾಡಿ ಜೋಡಿಸಿ, ಎರಡು ಗೆರೆ. ಅವುಗಳ ಮಧ್ಯಬಿಂದು ಜೋಡಿಸಿ, ಒಂದು ಗೆರೆ. ಅದರ ಮಧ್ಯಬಿಂದು ಇದೆಯಲ್ಲ, ಅದು ಕರ್ವ್ ಮೇಲಿನ ಒಂದು ಬಿಂದು. ಅರ್ಧದ ಬದಲು ಕಾಲು, ಮುಕ್ಕಾಲು ಅಂತ ಮಾಡುತ್ತಾ ಹೋದರೆ ಕರ್ವ್ ಪೂರ್ತಿ ಸಿಗುತ್ತೆ. ಆದರೆ ಸಿಟ್ರೋಯೆನ್ ಇದನ್ನು ಕಂಪನಿಯ ಗುಟ್ಟು ಅಂತ ಬೀಗ ಹಾಕಿ ಇಟ್ಟಿತು. ಬೆಜಿಯೆ ತಮ್ಮ ಕೆಲಸವನ್ನು ಲೇಖನಗಳಲ್ಲಿ ಬರೆದು ಜಗತ್ತಿಗೆ ಕೊಟ್ಟರು. 1972ರಲ್ಲಿ ಕೇಂಬ್ರಿಜ್‌ನ ರಾಬಿನ್ ಫಾರೆಸ್ಟ್, ಬೆಜಿಯೆಯ ಗಣಿತವೂ ಬರ್ನ್‌ಸ್ಟೈನ್ 1912ರಲ್ಲಿ ಬರೆದ ಪಾಲಿನಾಮಿಯಲ್‌ಗಳೂ ಒಂದೇ ಅಂತ ತೋರಿಸಿದರು. ಅದಾದ ಮೇಲೆ ಎಲ್ಲರಿಗೂ ಬಳಸೋದು ಸಲೀಸಾಯಿತು. ಕರ್ವ್‌ಗೆ ಬೆಜಿಯೆ ಹೆಸರು ನಿಂತಿತು, ಲೆಕ್ಕ ಹಾಕುವ ವಿಧಾನಕ್ಕೆ ಕ್ಯಾಸ್ತಲ್ಜೋ ಹೆಸರು ತಡವಾಗಿ ಬಂತು.

ಈ ಕರ್ವ್ ಇವತ್ತಿಗೂ ಯಾಕೆ ಉಳಿದಿದೆ? ಮೊದಲೇ ಹೇಳಿದ ಹೊಸ ವರ್ಷನ್‌ನ ವೇಗದ ಮಾತಿಗೆ ಬನ್ನಿ. ಸ್ಕ್ರೀನ್ ಮೇಲೆ ಡ್ರಾಯಿಂಗ್ ತಿರುಗಿಸಿದರೆ ಕರ್ವ್‌ನ ಸಾವಿರ ಬಿಂದುಗಳನ್ನು ತಿರುಗಿಸಬೇಕಿಲ್ಲ. ನಾಲ್ಕು ಕಂಟ್ರೋಲ್ ಪಾಯಿಂಟ್ ತಿರುಗಿಸಿದರೆ ಸಾಕು, ಕರ್ವ್ ಹಿಂದೆಯೇ ಬರುತ್ತೆ. ಎಷ್ಟೇ ಝೂಮ್ ಮಾಡಿ, ಆ ಅಳತೆಗೆ ತಕ್ಕಷ್ಟು ನಯವಾಗಿ ಮತ್ತೆ ಲೆಕ್ಕ ಹಾಕಬಹುದು. ಇನ್ನೊಂದು ಗುಣ, ಕರ್ವ್ ತನ್ನ ನಾಲ್ಕು ಚುಕ್ಕಿಗಳ ಬೇಲಿ ದಾಟಿ ಹೊರಗೆ ಹೋಗಲ್ಲ. ಬೇಲಿಯೇ ಸ್ಕ್ರೀನ್ ಆಚೆ ಇದ್ದರೆ ಒಳಗಿನ ಕರ್ವ್ ಬಿಡಿಸುವ ಶ್ರಮವೇ ಬೇಡ. ಒಂದು ಕೊರತೆನೂ ಇದೆ: ಸಾದಾ ಬೆಜಿಯೆ ಕರ್ವ್‌ನಿಂದ ಪಕ್ಕಾ ವೃತ್ತ ಬರಲ್ಲ, ಹತ್ತಿರ ಹತ್ತಿರ ಬರುತ್ತೆ ಅಷ್ಟೇ. ಅದಕ್ಕೇ ಚುಕ್ಕಿಗಳಿಗೆ ತೂಕ ಕೊಟ್ಟು ಬೆಳೆಸಿದ ನರ್ಬ್ಸ್ ಬಂತು. ನಮ್ಮ ಲ್ಯಾಬ್‌ನ ಸ್ಪ್ಲೈನ್ ಟೂಲ್ ಒಳಗಿರೋದು ಅದೇ ಮನೆತನದ್ದು. ಸ್ಪ್ಲೈನ್ ಅನ್ನೋ ಪದ ಬಂದದ್ದೇ ಹಡಗಿನ ಡ್ರಾಯಿಂಗ್‌ಗೆ ಬಗ್ಗಿಸುತ್ತಿದ್ದ ತೆಳು ಪಟ್ಟಿಯಿಂದ ಅಂತ ಓದಿದಾಗ ನನಗೆ ಅಜ್ಜನ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕಾರಿನಿಂದ ಹೊರಟ ಗೆರೆ ಅಕ್ಷರಕ್ಕೂ ಬಂತು. 1984ರಲ್ಲಿ ಅಡೋಬಿ ಕಂಪನಿ ತಂದ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಅಕ್ಷರಗಳ ಅಂಚು ಬೆಜಿಯೆ ಕರ್ವ್. ಟ್ರೂಟೈಪ್ ಫಾಂಟ್‌ಗಳಲ್ಲಿ ಅದರದ್ದೇ ಚಿಕ್ಕ ರೂಪ, ಮೂರು ಚುಕ್ಕಿಯದ್ದು. ನಮ್ಮೂರಿನ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರ ಕಾದಂಬರಿ ಇಂದಿರಾಬಾಯಿ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾದಾಗ ಒಂದೊಂದು ಅಕ್ಷರವೂ ಲೋಹದ ಮೊಳೆ. ಈಗ ನೀವು ಮೊಬೈಲ್‌ನಲ್ಲಿ ಓದ್ತಿರೋ ಈ ಲೇಖನದ ಒಂದೊಂದು ಅಕ್ಷರವೂ ಚುಕ್ಕಿಗಳ ನಡುವೆ ಎಳೆದ ಗೆರೆ. ನೇರ ಗೆರೆಯೇ ಕಮ್ಮಿ ಇರುವ ನಮ್ಮ ಲಿಪಿಗೆ, ಠ ಲ ಜ ಎಲ್ಲ ದುಂಡಗೆ ಬರಬೇಕಾದ ಕನ್ನಡಕ್ಕೆ, ಇದು ಎಷ್ಟು ಉಪಕಾರ ಅಂತ ಬೇರೆ ಹೇಳಬೇಕಾ.

1985ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ದೊಡ್ಡ ಗೌರವವಾದ ಸ್ಟೀವನ್ ಕೂನ್ಸ್ ಪ್ರಶಸ್ತಿ ಬೆಜಿಯೆಗೆ ಬಂತು. 1999ರ ನವೆಂಬರ್ 25ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆಮೇಲೆ ಅವರ ಹೆಸರಿನಲ್ಲೇ ಒಂದು ಪ್ರಶಸ್ತಿ ಶುರುವಾಯಿತು. 2012ರಲ್ಲಿ ಆ ಬೆಜಿಯೆ ಪ್ರಶಸ್ತಿ ಸಿಕ್ಕಿದ್ದು ಯಾರಿಗೆ ಗೊತ್ತಾ? ಪಾಲ್ ದ ಕ್ಯಾಸ್ತಲ್ಜೋಗೆ, ಎಂಬತ್ತೊಂದನೇ ವಯಸ್ಸಿನಲ್ಲಿ. ಅವರ ಗುಟ್ಟಿಗೆ ಬೀಗ ಬಿದ್ದು ಅರ್ಧ ಶತಮಾನ ದಾಟಿತ್ತು.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಇದು. ಬೆಜಿಯೆ ಎಲ್ಲರಿಗಿಂತ ದೊಡ್ಡ ಗಣಿತಜ್ಞ ಆಗಿರಲಿಲ್ಲ, ಮೊದಲನೆಯವರೂ ಆಗಿರಲಿಲ್ಲ. ಕಣ್ಣಲ್ಲಿ ಮಾತ್ರ ಇದ್ದ ಆಕಾರವನ್ನು ಇನ್ನೊಬ್ಬರಿಗೆ ದಾಟಿಸುವ ಹಾಗೆ ಬರೆದರು, ಬರೆದದ್ದನ್ನು ಮುಚ್ಚಿಡಲಿಲ್ಲ. ನಾವು ಪ್ರಾಜೆಕ್ಟ್ ಫೈಲ್‌ಗೆ ಪಾಸ್‌ವರ್ಡ್ ಹಾಕಿ ಜೂನಿಯರ್‌ಗೆ ಕೊಡದೇ ಇರುವಾಗ ಇದು ನೆನಪಾದರೆ ಒಳ್ಳೆಯದು.

ಅಜ್ಜ ಏನನ್ನೂ ಮುಚ್ಚಿಟ್ಟವರಲ್ಲ. ನಾನೇ ಕೇಳಲಿಲ್ಲ. ಎಲ್ಲಿ ಉಬ್ಬಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಒಂದು ಸಲ ಕೇಳಿದ್ದರೆ ಹೇಳ್ತಿದ್ರೋ ಏನೋ. ಈ ರಜೆಯಲ್ಲಿ ಊರಿಗೆ ಹೋದಾಗ ಮಳೆ ಹಿಡಿಯುವ ಮೊದಲು ಆ ದೋಣಿಯನ್ನು ಮತ್ತೆ ಸರಿಯಾಗಿ ಅಳತೆ ಮಾಡಬೇಕು. ಒಂದು ಕಡೆಯ ಹಲಗೆ ಆಗಲೇ ಗೆದ್ದಲು ಹಿಡಿದಿದೆ. ಇನ್ನೊಂದು ಕಡೆ ಸರಿ ಇದೆ, ನಾಲ್ಕು ಚುಕ್ಕಿಗೆ ಅಷ್ಟು ಸಾಕು.